ಮಲೆನಾಡಿನ ಕಾಲೇಜುಗಳಿಗೆ ರಕ್ಷಣಾ ಫೋಟೋನಿಕ್ಸ್ ಪಾಠ ಬೇಕೇ?

ಪರ: ಒಂದು ತುಂಡು ಕೊಡೆ ಬಟ್ಟೆ ಸಾಕು
*ಸಾಗರದ ಭೌತಶಾಸ್ತ್ರ ಉಪನ್ಯಾಸಕ*

ಬೇಕು. ಈ ವರ್ಷವೇ ಬೇಕು. ಫೋಟೋನಿಕ್ಸ್ ಅಂದರೆ ಬೆಳಕನ್ನು ಹಾಯಿಸಿ, ತಿದ್ದಿ, ಅಳೆದು ಕೆಲಸಕ್ಕೆ ಹಚ್ಚುವ ವಿದ್ಯೆ. ಸೇನೆಯ ಕೆಲಸಕ್ಕೆ ಬಂದರೆ ಅದೇ ರಕ್ಷಣಾ ಫೋಟೋನಿಕ್ಸ್.

ಹೋದ ಜುಲೈನಲ್ಲಿ ಒಂದು ದಿನ ಹಿಡಿದ ಮಳೆ ಬಿಡಲೇ ಇಲ್ಲ. ಕರೆಂಟೂ ಇರಲಿಲ್ಲ. ಕ್ಲಾಸಿಗೆ ಬಂದವರು ಹನ್ನೊಂದೇ ಜನ. ಬಾಗಿಲ ಮೂಲೆಯಲ್ಲಿ ಕಡ್ಡಿ ಮುರಿದ ಕೊಡೆಯೊಂದು ಬಿದ್ದಿತ್ತು. ಅದರ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ, ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿದೆ. ಬ್ಯಾಟರಿಯ ಕೆಂಪು ಲೇಸರನ್ನು ಅದರ ಮೂಲಕ ಹಾಯಿಸಿ, ಆಚೆಗೆ ಒಂದು ಮಸೂರ ಇಟ್ಟೆ. ಬೆಳಕು ಕೂಡುವ ಜಾಗದಲ್ಲಿ ಬಿಳಿ ಹಾಳೆ ಹಿಡಿದರೆ ಚುಕ್ಕಿ ಇಟ್ಟ ರಂಗೋಲಿ! ಅಡ್ಡಕ್ಕೊಂದಿಷ್ಟು, ಉದ್ದಕ್ಕೊಂದಿಷ್ಟು ಕೆಂಪು ಚುಕ್ಕಿ. ಹಾಳೆ ತೆಗೆದರೆ ಎದುರು ಗೋಡೆಯ ಮೇಲೆ ಬಟ್ಟೆಯ ನೇಯ್ಗೆ ದೊಡ್ಡದಾಗಿ ಮೂಡಿತು.

ಆಮೇಲೆ ಕಪ್ಪು ಕಾಗದದಲ್ಲಿ ಅಡ್ಡ ಸೀಳೊಂದನ್ನು ಮಾಡಿ ಚುಕ್ಕಿಗಳ ಜಾಗದಲ್ಲಿ ಹಿಡಿದೆ. ನಡುವಿನ ಅಡ್ಡ ಸಾಲು ಮಾತ್ರ ದಾಟಿತು, ಉಳಿದವು ಮುಚ್ಚಿಹೋದವು. ಗೋಡೆಯ ಮೇಲೆ ಅಡ್ಡ ನೂಲುಗಳೆಲ್ಲ ಮಾಯ. ಉದ್ದ ನೂಲು ಮಾತ್ರ ಉಳಿದಿತ್ತು; ಅಡ್ಡ ಸಾಲಿನ ಚುಕ್ಕಿಗಳು ಅದರವೇ.

"ಸರ್, ನೀವು ಬಟ್ಟೆ ಮುಟ್ಟೇ ಇಲ್ವಲ್ಲಾ!" ಅಂದಳು ಹಿಂದಿನ ಬೆಂಚಿನ ಹುಡುಗಿ. ವರ್ಷವಿಡೀ ಬಾಯಿ ಬಿಡದ ಹುಡುಗಿ ಅವಳು. ಅವತ್ತು ಬಸ್ಸು ತಪ್ಪಿದರೂ ಪರವಾಗಿಲ್ಲ ಅಂತ ಕೂತು, ಸೀಳನ್ನು ತಿರುಗಿಸಿ ಉದ್ದ ನೂಲನ್ನೂ ಅಳಿಸಿದಳು.

ಬೆಳಕಿನಿಂದ ಸಿಗ್ನಲ್ ಸಂಸ್ಕರಿಸುವುದು ಅಂದರೆ ಇದೇ. ಸಿಗ್ನಲನ್ನು ಬಿಡಿ ಬಿಡಿ ಅಲೆಗಳಾಗಿ ಬಿಡಿಸುವ ಫೂರಿಯೆ ರೂಪಾಂತರ ಅನ್ನುವ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಲು ನನಗೆ ಎರಡು ಪೀರಿಯಡ್ ಬೇಕು. ಮಸೂರಕ್ಕೆ ಬೆಳಕು ತನ್ನೊಳಗೆ ಹಾದುಹೋಗುವಷ್ಟು ಹೊತ್ತು ಸಾಕು. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ವಿಮಾನದ ರಾಡಾರಿಗೆ ಮರಳಿ ಬಂದ ಅಲೆಗಳನ್ನು ಫಿಲ್ಮಿನ ಮೇಲೆ ದಾಖಲಿಸಿ, ಆ ಫಿಲ್ಮನ್ನು ಮಸೂರಗಳ ಸಾಲಿನ ಮುಂದೆ ಹಾಯಿಸಿ ನೆಲದ ಚಿತ್ರ ತೆಗೆದರು. ಅಷ್ಟು ಲೆಕ್ಕ ಮಾಡುವ ಕಂಪ್ಯೂಟರ್ ಆಗ ಇರಲಿಲ್ಲ. ಗಾಜಿನ ತುಂಡುಗಳು ಆ ಕೆಲಸ ಮಾಡಿದವು. ಅದೇ ಪಾಠ ನಮ್ಮ ಕೊಡೆ ಬಟ್ಟೆಯಲ್ಲೂ ಇದೆ.

ಬೆಳಕನ್ನು ಕೈಯಾರೆ ಮುಟ್ಟಿ ಕಲಿಯಬೇಕು. ನಾನು ಹೇಳುವುದು ಇಷ್ಟೇ. ಪುಸ್ತಕ ಓದಿ ಇದು ಬರುವುದಿಲ್ಲ. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಮ್ಮ ಮಿರಾಜ್ 2000 ವಿಮಾನಗಳು ಟೈಗರ್ ಹಿಲ್ ಮೇಲೆ ಲೇಸರ್ ಗುರಿಯ ಬಾಂಬ್ ಹಾಕಿದವು. ಗುರಿ ತೋರಿಸಿದ ಪಾಡ್, ಅಂದರೆ ವಿಮಾನಕ್ಕೆ ಕಟ್ಟುವ ಕ್ಯಾಮೆರಾ-ಲೇಸರ್ ಪೆಟ್ಟಿಗೆ, ಇಸ್ರೇಲಿನದು. ಯುದ್ಧದ ಹೊತ್ತಿನಲ್ಲಿ ಕಣ್ಣನ್ನು ಬೇರೆಯವರಿಂದ ತರಬೇಕಾಯಿತು ಅಂದರೆ ನನಗೆ ಈಗಲೂ ಸಂಕಟವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದವರು ಕರ್ನೂಲಿನಲ್ಲಿ 30 ಕಿಲೋವಾಟ್ ಲೇಸರಿನಿಂದ ಡ್ರೋನ್ ಕೆಡವಿ ತೋರಿಸಿದರು. ಅವರದೇ ಡೆಹ್ರಾಡೂನ್‌ನ ಪ್ರಯೋಗಾಲಯ ಐಆರ್‌ಡಿಇ ಸೇನೆಗೆ ದೃಷ್ಟಿ ಉಪಕರಣಗಳನ್ನು ರೂಪಿಸುತ್ತದೆ. ಬಿಇಎಲ್‌ನ ಮಚಲೀಪಟ್ಟಣ ಘಟಕದಲ್ಲಿ ರಾತ್ರಿ ನೋಡುವ ದುರ್ಬೀನು ತಯಾರಾಗುತ್ತದೆ. ಇಂಥ ಕಡೆ ಮಸೂರ ಜೋಡಿಸಲು, ಬೆಳಕು ಹಾಯುವ ಗಾಜಿನ ಎಳೆ ಅಂದರೆ ಫೈಬರ್ ಹೊಂದಿಸಲು ಪಳಗಿದ ಕೈ ಬೇಕು. ಆ ಕೈ ಸೊರಬದ್ದೋ ಹೊಸನಗರದ್ದೋ ಯಾಕಾಗಬಾರದು?

ವಿಮಾನ ಎಷ್ಟು ತಿರುಗಿತು ಅಂತ ಅಳೆಯುವ ಫೈಬರ್ ಗೈರೋಸ್ಕೋಪನ್ನೇ ನೋಡಿ. ನೂರಾರು ಮೀಟರ್ ಗಾಜಿನ ಎಳೆಯನ್ನು ಸುರುಳಿ ಸುತ್ತಿ, ಎರಡೂ ತುದಿಯಿಂದ ಬೆಳಕು ಬಿಡುತ್ತಾರೆ. ಸುರುಳಿ ತಿರುಗಿದರೆ ಎರಡು ಬೆಳಕಿಗೂ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಸ್ಯಾಗ್ನಾಕ್ 1913ರಲ್ಲೇ ತೋರಿಸಿದ ಈ ಪರಿಣಾಮದಿಂದ ಇವತ್ತು ಜಿಪಿಎಸ್ ಕೈಕೊಟ್ಟರೂ ವಿಮಾನ ತನ್ನ ದಿಕ್ಕು ಬಿಡುವುದಿಲ್ಲ.

ಮಲೆನಾಡಿನ ಮಂಜಿನಲ್ಲಿ ಇದೆಲ್ಲ ನಡೆಯಲ್ಲ ಅನ್ನುವವರಿದ್ದಾರೆ. ಆಗುಂಬೆಯಲ್ಲಿ ಲೇಸರ್ ತೋಪು ನಿಲ್ಲಿಸಿ ಅಂತ ಯಾರೂ ಕೇಳುತ್ತಿಲ್ಲವಲ್ಲ! ಒಂದು ಕೋಣೆ, ಅಲುಗದ ಒಂದು ಮೇಜು, ನಾಲ್ಕು ಲೇಸರ್, ಒಂದು ಪೆಟ್ಟಿಗೆ ಮಸೂರ ಕೊಡಿ. ಉಳಿದದ್ದು ಹುಡುಗರು ನೋಡಿಕೊಳ್ಳುತ್ತಾರೆ.

ವಿರೋಧ: ಮೊದಲು ತುಂಡಾದ ಎಳೆ ಕೂಡಿಸಿ
*ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ್ತಿ, ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ*

ವಿರೋಧದ ಕಡೆಯಿಂದ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ಬೆಳಕಿನ ವಿಜ್ಞಾನ ಬೇಡ ಅಂತ ನಾನು ಹೇಳಲಾರೆ. "ರಕ್ಷಣಾ" ಅನ್ನುವ ಹಣೆಪಟ್ಟಿಯ ಬಗ್ಗೆ ನನ್ನ ತಕರಾರು.

ಲೇಸರಿನಲ್ಲಿ ಡ್ರೋನ್ ಸುಡುವ ವಿಡಿಯೋ ತೋರಿಸಿದರೆ ಮಕ್ಕಳು ಓಡಿ ಬಂದು ಸೇರುತ್ತಾರೆ. ಆಮೇಲೆ? ಕೆಲಸ ಇರುವುದು ಬೆಂಗಳೂರು, ಹೈದರಾಬಾದ್, ಡೆಹ್ರಾಡೂನಿನಲ್ಲಿ. ಊರಿನಲ್ಲಿ ಉಳಿಯುವುದು ವಯಸ್ಸಾದ ನಾವು ಮತ್ತು ಕೊಳೆರೋಗದ ತೋಟ. ಇನ್ನೊಂದು ಮಾತು. ಕಣ್ಣು ಕುರುಡು ಮಾಡುವುದಕ್ಕೆಂದೇ ಮಾಡಿದ ಲೇಸರ್ ಅಸ್ತ್ರವನ್ನು 1995ರಲ್ಲಿ ಹಲವು ದೇಶಗಳು ಸೇರಿ ನಿಷೇಧಿಸಬೇಕಾಯಿತು. ಈ ವಿದ್ಯೆಯ ಜೊತೆಗೇ ಆ ನಿಷೇಧದ ಪಾಠವನ್ನೂ ಕಲಿಸುವವರು ಯಾರು? ಇನ್ನು ಮಂಜಿನ ಹನಿ ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯ ಪಕ್ಕದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನನಗೆ ಗೊತ್ತಿರುವ ಫೋಟೋನಿಕ್ಸ್ ನಮ್ಮ ಪಂಚಾಯಿತಿಗೆ ನೆಟ್ ತರುವ ಫೈಬರ್ ಕೇಬಲ್ ಮಾತ್ರ. ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನು ಕಿತ್ತುಹಾಕಿತು. ಹತ್ತೊಂಬತ್ತು ದಿನ ನೆಟ್ ಇಲ್ಲ. ಪಹಣಿಗೆ ಬಂದವರು ವಾಪಸ್ ಹೋದರು. ಪಿಂಚಣಿ ಏನಾಯಿತು ಅಂತ ಕೇಳಲು ಒಬ್ಬ ಅಜ್ಜಿ ಮೂರು ಸಲ ಗುಡ್ಡ ಇಳಿದು ಬಂದರು. ಮೂರು ಸಲವೂ "ನಾಳೆ ಬನ್ನಿ ಅಜ್ಜಿ" ಅಂದವಳು ನಾನೇ. ಫೋನ್ ಮಾಡಿ ಮಾಡಿ ಸಾಕಾಗಿತ್ತು. ಎಳೆ ಕೂಡಿಸುವ ಹುಡುಗ ಒಬ್ಬನೇ ಅಂತೆ, ಸರದಿ ಬರಬೇಕಂತೆ.

ಕೊನೆಗೆ ಅವನು ಬಂದಾಗಲೂ ಮಳೆ. "ಅಕ್ಕಾ, ಕೊಡೆ ಸ್ವಲ್ಪ ಈ ಕಡೆ ಹಿಡೀರಿ" ಅಂದ. ಅವನ ತಲೆ ನೆನೆಯಲಿ, ಯಂತ್ರ ನೆನೆಯಬಾರದು. ಕೇಬಲ್ಲಿನ ಸಿಪ್ಪೆ ಸುಲಿದು, ಒಳಗಿನ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿದ ಕಾಗದದಲ್ಲಿ ಒರೆಸಿದ. ಒರೆಸುವಾಗ ಕೀಚ್ ಅಂತ ಸದ್ದು ಬರಬೇಕಂತೆ, ಆಗಲೇ ಶುದ್ಧ. ಕಟರಿನಲ್ಲಿ ತುದಿ ನೇರ ಮಾಡಿ ಎರಡೂ ಕಡೆಯಿಂದ ಯಂತ್ರದೊಳಗೆ ಇಟ್ಟ. ಪುಟ್ಟ ಪರದೆಯಲ್ಲಿ ಎರಡು ಎಳೆಗಳು ಬಿದಿರ ಗಳದಷ್ಟು ದಪ್ಪ ಕಂಡವು. ಬೆಳಕು ಓಡುವ ನಡುವಿನ ತಿರುಳು 9 ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವೂ ಇಲ್ಲ. ಎರಡೂ ತಾವಾಗಿ ಹತ್ತಿರ ಸರಿದವು. ಒಂದು ಕಿಡಿ. ಕೂಡಿಕೊಂಡವು. ಬೆಸುಗೆಯ ಮೇಲೆ ರಕ್ಷಣೆಗೆ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿ ಮಾಡಿದ.

ಒಟ್ಟು ಇಪ್ಪತ್ತನಾಲ್ಕು ಎಳೆ. ಎರಡು ತಾಸು ಕೊಡೆ ಹಿಡಿದು ನಿಂತಿದ್ದೆ. ಎಲ್ಲಿ ಕಲಿತೆಯಪ್ಪಾ ಅಂತ ಕೇಳಿದೆ. ಯಾರೋ ಹಿರಿಯರ ಹಿಂದೆ ಸುತ್ತಿ ಕಲಿತೆ ಅಕ್ಕಾ, ಕಾಲೇಜಿನಲ್ಲಿ ಈ ಯಂತ್ರ ನೋಡಿಯೇ ಇರಲಿಲ್ಲ ಅಂದ. ನಮ್ಮ ಮಕ್ಕಳಿಗೆ ಮೊದಲು ಇದನ್ನು ಕಲಿಸಿ. ತಾಲ್ಲೂಕಿಗೆ ಹತ್ತು ಜನ ಇಂಥವರಿರಲಿ. ಕ್ಷಿಪಣಿಯ ಗೈರೋ ಆಮೇಲೆ ನೋಡೋಣ.

ಪಂಚಾಯಿತಿ ಕಚೇರಿಯ ಡಬ್ಬಿಯಲ್ಲಿ ಹಸಿರು ದೀಪ ಹತ್ತಿದಾಗ ಸಂಜೆ ಆರೂವರೆ. ಚಹಾ ಕುಡಿದು ಹೋಗು ಅಂದೆ. ಕೂರಲಿಲ್ಲ. ಅವನಿಗೆ ಇನ್ನೂ ಎರಡು ಊರು ಬಾಕಿ ಇತ್ತು.