ಒಂದು ಬಾಳೆಹಣ್ಣು, ಎಂಟು ಕೈ

ಚಿಕ್ಕಪ್ಪನನ್ನು ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಮೂರು ದಿನವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ವಾರ್ಡಿಗೆ ಸಮಾಜ ಸೇವೆ ಬಂತು. ಮುಂದೆ ಫೋಟೋದವನು, ಹಿಂದೆ ಬಿಳಿ ಅಂಗಿಯ ದಂಡು, ನಡುವೆ ಶಾಲು ಹೊದ್ದ ಅಣ್ಣ. ಅವತ್ತು ಅಣ್ಣನ ಹುಟ್ಟುಹಬ್ಬ. ಗೇಟಿನ ಫ್ಲೆಕ್ಸಿನಲ್ಲಿ ಹೆಸರಿನ ಕೆಳಗೆ ‘ಸಮಾಜ ಸೇವಕರು’ ಅಂತಿತ್ತು. ಏನು ಸೇವೆ ಅಂತ ಬರೆಯೋಕೆ ಜಾಗ ಇರಲಿಲ್ಲ. ಶುಭ ಕೋರುವವರ ಮೂವತ್ತು ತಲೆ ಹಿಡಿಸಬೇಕಲ್ಲ!

ಬೆಡ್ಡಿಗೊಂದು ಬಾಳೆಹಣ್ಣು, ಒಂದು ಬ್ರೆಡ್ ಪ್ಯಾಕೆಟ್. ಕೊಡುವ ಕೈ ಎಂಟು. ಇಸ್ಕೊಳ್ಳುವ ಕೈ ಒಂದೇ, ಅದಕ್ಕೂ ಡ್ರಿಪ್ ಹಾಕಿದ್ದಾರೆ. ಪಕ್ಕದ ಬೆಡ್ಡಿನ ಯಾದಗಿರಿ ಕಡೆಯ ಅಜ್ಜ ಮೆಲ್ಲಗೆ ಕೇಳಿದರು, “ಇಷ್ಟ್ ಮಂದಿ ಹಿಡದಾರಲ್ಲ, ಹಣ್ಣು ಅಷ್ಟು ವಜ್ಜ ಅದ ಏನ್ರೀ?”

ಆದರೂ ಒಪ್ಪಿಕೊಳ್ಳಬೇಕು, ಆರೋಗ್ಯದಲ್ಲಿ ಇಂಥ ಸಮಾನತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಶುಗರ್ ಮುನ್ನೂರು ದಾಟಿದ್ದ ಚಿಕ್ಕಪ್ಪನಿಗೂ ಹಣ್ಣು. ಎದುರಿನ ಬೆಡ್ಡಿಗೆ ‘ಬಾಯಿಗೆ ಏನೂ ಕೊಡಬಾರದು’ ಅಂತ ಚೀಟಿ ನೇತುಹಾಕಿದ್ದರು. ಅವರಿಗೂ ಬ್ರೆಡ್. ಸಿಸ್ಟರ್ ಓಡಿಬಂದು ಕಿತ್ತುಕೊಂಡರು. ಅಷ್ಟರಲ್ಲಿ ಫೋಟೋ ಆಗಿತ್ತು ಬಿಡಿ.

ಅಜ್ಜನ ಕಾಯಿಲೆ ಎದೆಯ ವಾಲ್ವಿನದು. ಆದರೆ ಅಡ್ಡ ನಿಂತಿದ್ದು ವಾಲ್ವ್ ಅಲ್ಲ, ಹೆಸರು. ರೇಷನ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ‘ಅಪ್ಪ’ ಇದೆ, ಆಧಾರ್‌ನಲ್ಲಿ ಉದುರಿಹೋಗಿದೆ. ಎದೆ ಒಂದೇ, ಕಂಪ್ಯೂಟರಿಗೆ ಮನುಷ್ಯರು ಇಬ್ಬರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲೇ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ಉಳಿದದ್ದು ನಿಮ್ಮದು. ಒಂದು ‘ಅಪ್ಪ’ ಕಳೆದುಕೊಂಡಿದ್ದಕ್ಕೆ ಅಜ್ಜ ರಾತ್ರೋರಾತ್ರಿ ಎಪಿಎಲ್ ಆಗಿಬಿಟ್ಟಿದ್ದರು. ಯಾವ ಗ್ಯಾರಂಟಿಯೂ ಇಷ್ಟು ಬೇಗ ಯಾರ ಬಡತನವನ್ನೂ ಕಳೆದಿರಲಿಕ್ಕಿಲ್ಲ.

ಅವರ ಕಡೆಯ ತಾಲ್ಲೂಕುಗಳು ಹಿಂದುಳಿದಿವೆ ಅಂತ ನಂಜುಂಡಪ್ಪ ಸಮಿತಿ 2002ರಲ್ಲೇ ಲೆಕ್ಕ ಹಾಕಿ ಕೊಟ್ಟಿತ್ತು. ರಾಜ್ಯದಲ್ಲಿ ಒಟ್ಟು 114. ನಾವೇನು ಸುಮ್ನೆ ಕೂತಿಲ್ಲ, 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿದೆವು. ಅಜ್ಜ ಈಗಲೂ ಜನರಲ್ ಬೋಗಿಯಲ್ಲಿ ರಾತ್ರಿಯೆಲ್ಲ ಕೂತೇ ಬರುತ್ತಾರೆ. ಆದರೆ ಹತ್ತುವುದು ಕಲ್ಯಾಣದಿಂದ.

ಮೆಟ್ಟಿಲ ಕೆಳಗೆ ಒಂದು ಮೇಜಿದೆ. ‘ವೈದ್ಯಕೀಯ ಸಮಾಜ ಕಾರ್ಯಕರ್ತೆ’ ಅಂತ ಬೋರ್ಡು, ಅರ್ಧ ಅಕ್ಷರ ಹೋಗಿದೆ. ಸಮಾಜ ಕಾರ್ಯದಲ್ಲೇ ಎಂ.ಎಸ್.ಡಬ್ಲ್ಯೂ ಪದವಿ ಓದಿದ ಮೇಡಂ, ಗುತ್ತಿಗೆ ಕೆಲಸ, ಎರಡು ತಿಂಗಳ ಸಂಬಳ ಬಾಕಿ. ನಾನು ಅಜ್ಜನ ಕಾಗದ ಹಿಡಿದು ಹೋದಾಗ ಮೇಜು ಕಾಣಲಿಲ್ಲ, ಅದರ ಮೇಲೆ ಬಾಳೆಗೊನೆ ಪೇರಿಸಿದ್ದರು. ಕುರ್ಚಿ ಅಣ್ಣನಿಗೆ ಹೋಗಿತ್ತು. ಹಣ್ಣು ಪಡೆದ ರೋಗಿಗಳ ಪಟ್ಟಿ ಬರೆಯೋ ಕೆಲಸವನ್ನೂ ಇವರಿಗೇ ವಹಿಸಿದ್ದರು. ಸಮಾಜ ಕಾರ್ಯ ಅಲ್ವಾ!

ಮೇಡಂ ಪಟ್ಟಿಯನ್ನು ಗೊನೆಯ ಕೆಳಗೆ ತಳ್ಳಿ, ನಿಂತುಕೊಂಡೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದರು. “ಅಕ್ಕಾ, ಆ ಇಬ್ಬರೂ ಒಬ್ಬರೇ ಅಂತ ಒಂದು ಕಾಗದ ಬೇಕು. ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ಮನೇಲಿ ಬಿಟ್ಟು ಬಂದಿದ್ದಾರೆ, ಅದನ್ನೂ ಫೋಟೋ ಹೊಡೆದು ಹಾಕಿ.”

ಈ ಆಶಾ ಅಕ್ಕ ಸಾಮಾನ್ಯರಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ಕೊಟ್ಟಿದೆ. ಜಗತ್ತಿಗೆ ನಾಯಕಿ, ನಮಗೆ ಸ್ವಯಂಸೇವಕಿ. ಹಾಗಾಗಿ ಸಂಬಳ ಇಲ್ಲ, ಗೌರವಧನ. ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಈ ನಾಯಕಿಯರು 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ್ದರು. ಗೌರವ ಕೇಳಿದ್ದರೆ ಅಲ್ಲೇ ಕೊಡುತ್ತಿದ್ದೆವು. ಧನ ಕೇಳಿಬಿಟ್ಟರು, 10,000ದ ಭರವಸೆಗೆ ಎದ್ದರು.

ಮೂರು ದಿನದಲ್ಲಿ ಕಾಗದ ಬಂತು. ಅಜ್ಜನಿಗೆ ಅಪ್ಪ ಸಿಕ್ಕಿತು, ಮತ್ತೆ ಬಡವರಾದರು. ಆಪರೇಷನ್ ಪಟ್ಟಿಗೆ ಹೆಸರು ಹತ್ತಿತು.

ಅಷ್ಟರಲ್ಲಿ ಪೇಪರಿನಲ್ಲಿ ಹಣ್ಣಿನ ಸುದ್ದಿಯೂ ಬಂದಿತ್ತು. ಬಾಳೆಹಣ್ಣಿನ ಹಿಂದೆ ಅಣ್ಣ, ಅಣ್ಣನ ಹಿಂದೆ ದಂಡು, ಮೂಲೆಯಲ್ಲಿ ಫೈಲು ಹಿಡಿದ ಅರ್ಧ ಮುಖ. ನಮ್ಮ ಮೇಡಮ್ಮೇ. ಕೆಳಗೆ ಎಲ್ಲರ ಹೆಸರೂ ಇತ್ತು, ಫೋಟೋದವನದೂ. ಮೇಡಂ ಹೆಸರಿಗೆ ಹುಡುಕಿದೆ. ಕೊನೇ ಸಾಲಿನಲ್ಲಿ ಸಿಕ್ಕಿತು: ‘ಮತ್ತಿತರರು ಇದ್ದರು.’