ಸ್ಪಷ್ಟನೆ: ಎರಡನೆಯ ಪೆಡಲ್‌ಬೋರ್ಡ್ ಬರೀ ಶೋಕಿಯಲ್ಲ

ಗಿಟಾರ್ ವಾದಕರು ಎರಡು ಮೂರು ಪೆಡಲ್‌ಬೋರ್ಡ್ (ದನಿ ಬದಲಿಸಲು ಕಾಲಿನಿಂದ ಒತ್ತುವ ಪೆಡಲ್‌ಗಳನ್ನು ಜೋಡಿಸಿದ ಹಲಗೆ) ಇಟ್ಟುಕೊಳ್ಳುವುದು ಬರೀ ಶೋಕಿ, ಎಲ್ಲ ಪೆಡಲ್‌ಗಳನ್ನೂ ಒಂದರಲ್ಲೇ ಜೋಡಿಸಿದರೆ ಸಾಕು ಎಂಬ ಮಾತು ಹರಿದಾಡುತ್ತಿದೆ. ಶೋಕಿಯವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ‘ಒಂದೇ ಸಾಕು’ ಎನ್ನುವುದು ಎಲ್ಲರಿಗೂ ಹೊಂದುವ ಮಾತಲ್ಲ.

ದನಿಯನ್ನು ಒರಟಾಗಿಸುವ ‘ಫಜ್’ ಬಗೆಯ, 1966ರಲ್ಲಿ ಬಂದ ಫಜ್ ಫೇಸ್ ಪೆಡಲನ್ನೇ ನೋಡಿ. ಅದರ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಬಹಳ ಕಡಿಮೆ. ಗಿಟಾರಿನ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗಕ್ಕೆ) ನೇರವಾಗಿ ಸೇರಿದ್ದರೆ ಅದು ಹದವಾಗಿ ನುಡಿಯುತ್ತದೆ. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೂ ಒರಟುತನ ಕರಗಿ ನಾದ ತಿಳಿಯಾಗುತ್ತದೆ. ಗಿಟಾರಿಗೂ ಅದಕ್ಕೂ ನಡುವೆ ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಸರ್ಕ್ಯೂಟ್) ಇರುವ ಟ್ಯೂನರ್ ಕೂರಿಸಿದಿರೋ, ದನಿ ಕೀರಲಾಗುತ್ತದೆ. ಅತ್ತ ಉದ್ದುದ್ದ ಕೇಬಲ್ಲಿನ ದೊಡ್ಡ ಬೋರ್ಡಿಗೆ ಬಫರ್ ಇಲ್ಲದಿದ್ದರೆ ಸ್ವರದ ಹೊಳಪೇ ಮಂಕು. ಲೂಪ್ ಸ್ವಿಚರ್ (ಬೇಕಾದ ಪೆಡಲ್‌ಗಳನ್ನಷ್ಟೇ ಸಿಗ್ನಲ್ ದಾರಿಗೆ ಸೇರಿಸುವ ಪೆಟ್ಟಿಗೆ) ಹಾಕಿ ಎರಡನ್ನೂ ಒಂದೆಡೆ ಬಾಳಿಸಬಹುದು, ನಿಜ. ಹೊರುವವರ ಬೆನ್ನು ಮತ್ತು ಜೇಬು ಒಪ್ಪಬೇಕಷ್ಟೆ.

ಅಕೌಸ್ಟಿಕ್ ಗಿಟಾರಿನ ಪೀಜೋ (ಒತ್ತಡದಿಂದ ಸಿಗ್ನಲ್ ಹುಟ್ಟಿಸುವ) ಪಿಕಪ್‌ಗೆ ಬೇಕಾದದ್ದು ತದ್ವಿರುದ್ಧ: 1 ಮೆಗಾಓಮ್ ಅಥವಾ ಅದಕ್ಕೂ ಹೆಚ್ಚಿನ ಇನ್‌ಪುಟ್ ಇಂಪಿಡೆನ್ಸ್ ಇರುವ ಪ್ರಿಆಂಪ್ (ಸಿಗ್ನಲ್ಲನ್ನು ಮೊದಲ ಹಂತದಲ್ಲಿ ಬಲಪಡಿಸುವ ಸಾಧನ). ಅಲ್ಲಿ ಫಜ್‌ಗೆ ಕೆಲಸವೇ ಇಲ್ಲ. ಇನ್ನು ವಿಮಾನದಲ್ಲಿ ಹೋಗುವವರು ನಾಲ್ಕೈದು ಪೆಡಲ್‌ಗಳ ಪುಟ್ಟ ಬೋರ್ಡನ್ನು ಬೇರೆಯೇ ಇಟ್ಟುಕೊಳ್ಳುವುದು ಲಗೇಜಿನ ತೂಕಕ್ಕೆ ಹೆದರಿ.