ಸಮ್ಟರ್ ಕೋಟೆಯ ದಿನಸಿಯೂ ವರ್ಜೀನಿಯಾದ ಮತವೂ
1860ರ ನವೆಂಬರ್‌ನಲ್ಲಿ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದ ದಿನವೇ ಅಮೆರಿಕದ ಅಂತರ್ಯುದ್ಧ ಖಚಿತವಾಗಿತ್ತು ಎಂದು ಒಂದು ಲೇಖನ ಹೇಳುತ್ತದೆ. ಅಷ್ಟು ಸರಳ ಅಲ್ಲ ಅನ್ಸುತ್ತೆ. ದಕ್ಷಿಣದ ಸೌತ್ ಕೆರೊಲಿನಾ ರಾಜ್ಯ ಅಮೆರಿಕದ ಒಕ್ಕೂಟದಿಂದ ಹೊರನಡೆದದ್ದು 1860ರ ಡಿಸೆಂಬರ್ 20ಕ್ಕೆ, ಯುದ್ಧ ಶುರುವಾದದ್ದು ಮರುವರ್ಷ ಏಪ್ರಿಲ್ 12ಕ್ಕೆ. ಗುಲಾಮಗಿರಿಯೇ ಜಗಳದ ಬೇರು, ಅದರಲ್ಲಿ ಅನುಮಾನ ಬೇಡ. (ಸುಮ್ನೆ 'ರಾಜ್ಯಗಳ ಹಕ್ಕಿಗಾಗಿ ನಡೆದ ಜಗಳ' ಅನ್ನುವವರು ಮಿಸಿಸಿಪ್ಪಿ ರಾಜ್ಯ ಬೇರೆಯಾಗುವಾಗ ಹೊರಡಿಸಿದ ಘೋಷಣೆ ಓದಲಿ, ಗುಲಾಮಗಿರಿಯೇ ಕಾರಣ ಎಂದು ಅದೇ ಹೇಳುತ್ತದೆ.) ಆದರೆ ಜಗಳ ಯುದ್ಧವಾದದ್ದು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯಲ್ಲಿ. ಒಳಗಿದ್ದ, ಕೇಂದ್ರ ಸರ್ಕಾರದ ಸೇನೆಯ ಮೇಜರ್ ಆಂಡರ್ಸನ್ ಪಡೆಗೆ ದಿನಸಿ ಮುಗಿಯುತ್ತಾ ಬಂದಿತ್ತು. ಜನವರಿಯಲ್ಲಿ ಸಾಮಾನು ತಂದ ಹಡಗನ್ನು ದಕ್ಷಿಣದವರು ಗುಂಡು ಹಾರಿಸಿ ವಾಪಸ್ ಅಟ್ಟಿದ್ದರು. ಈಗ ಲಿಂಕನ್ ಜಾಣತನ ನೋಡಿ: ಬರೀ ಊಟದ ಸಾಮಾನು ಕಳಿಸುತ್ತೇವೆ ಎಂದು ಅಲ್ಲಿನ ಗವರ್ನರ್‌ಗೆ ಮೊದಲೇ ತಿಳಿಸಿದರು. ತಡೆದರೆ ಮೊದಲ ಏಟು ದಕ್ಷಿಣದ್ದು, ಬಿಟ್ಟರೆ ಮಾನ ಹೋಗುತ್ತೆ. ದಕ್ಷಿಣದವರು ಮೊದಲ ಏಟನ್ನೇ ಆರಿಸಿಕೊಂಡರು, ಸುಮಾರು 34 ಗಂಟೆ ಫಿರಂಗಿ ಸಿಡಿಯಿತು. ಆ ದಾಳಿಯಲ್ಲಿ ಕೋಟೆಯೊಳಗೆ ಒಬ್ಬನೂ ಸಾಯಲಿಲ್ಲ!

ಆಮೇಲಿನದ್ದೇ ನಿಜವಾದ ತಿರುವು. ದಂಗೆ ಅಡಗಿಸಲು ಲಿಂಕನ್ ರಾಜ್ಯಗಳಿಂದ 75,000 ಜನರ ಪಡೆ ಕೇಳಿದರು. ಏಪ್ರಿಲ್ 4ರಂದು ಬೇರೆಯಾಗುವುದು ಬೇಡ ಎಂದು ಮತ ಹಾಕಿದ್ದ ವರ್ಜೀನಿಯಾದ ಸಭೆ 17ಕ್ಕೆ ಉಲ್ಟಾ ಹೊಡೆಯಿತು. ಅರ್ಕಾನ್ಸಾ, ಟೆನೆಸ್ಸೀ, ನಾರ್ತ್ ಕೆರೊಲಿನಾ ಅದರ ಹಿಂದೆಯೇ ಹೋದವು. ಎರಡೇ ವಾರದಲ್ಲಿ ವರ್ಜೀನಿಯಾದ ಮತ ಹೀಗೆ ಬದಲಾದ ಮೇಲೆ ನವೆಂಬರ್‌ನಲ್ಲೇ ಎಲ್ಲ ನಿರ್ಧಾರವಾಗಿತ್ತು ಅನ್ನೋದು ಹೇಗೆ, ಅಲ್ವಾ?